ಮದ್ಯತ್ಯಾಗ ಮತ್ತು ಅನುಮೋದನೆ

ಮದ್ಯತ್ಯಾಗವು ಸಮಂತಭದ್ರಾಚಾರ್ಯರು ಹೇಳಿದ ಅಷ್ಟಮೂಲಗುಣಗಳಲ್ಲೊಂದು. ಕುಡಿಯದಿದ್ದ ಮಾತ್ರಕ್ಕೆ ಅದು ಪೂರ್ಣವಾಯಿತೇ? ಅಮೆರಿಕದ ಅನೇಕ ಕಾಲೇಜುಗಳ ಫುಟ್‌ಬಾಲ್ ಅಂಗಣಗಳಲ್ಲಿ ಬಿಯರನ್ನು ಬಹಿರಂಗವಾಗಿಯೇ ಮಾರುತ್ತಾರೆ. ಇಲ್ಲಿ ಮದ್ಯವು ಹೆಸರಿನ ಮರೆಯಲ್ಲಿ ಆಟದೊಳಗೆ ಬಂದಿದೆ. 2008ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ ‘ರಾಯಲ್ ಚಾಲೆಂಜರ್ಸ್’ ಎಂಬ ಹೆಸರು ಬಂದುದು ಒಂದು ವಿಸ್ಕಿಯಿಂದ. 1432ರಿಂದ ಗೊಮ್ಮಟನು ನಿಂತಿರುವ ಕಾರ್ಕಳದಿಂದ ಮಣಿಪಾಲಕ್ಕೆ ಓದಲು ಹೋಗುವ ಶ್ರಾವಕ ತರುಣನು ಹನಿ ಮದ್ಯವನ್ನೂ ಮುಟ್ಟದೆ ಆ ಹೆಸರನ್ನು ಎದೆಯ ಮೇಲೆ ಧರಿಸಬಹುದು. ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳಲ್ಲಿಯೂ ಆಸ್ರವವುಂಟೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಅರಿಯದೆ ತೊಟ್ಟವನಿಗೆ ವ್ರತಭಂಗವಿಲ್ಲ. ಆಟವನ್ನು ಮೆಚ್ಚುವುದೂ ದೋಷವಲ್ಲ. ಅರಿತ ಮೇಲೂ ಆ ಹೆಸರಿಗೆ ಜಯಕಾರ ಹಾಕುವುದು ಮಾತ್ರ ಅನುಮೋದನೆಗೆ ಸಮೀಪವಾದುದು. ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸವಿರುವ ಶ್ರಾವಕನು ತಾನು ಸೇವಿಸಿದುದನ್ನಷ್ಟೇ ಅಲ್ಲ, ಮೆಚ್ಚಿದುದನ್ನೂ ಪರೀಕ್ಷಿಸಿಕೊಳ್ಳಬೇಕು.