ಮೆಚ್ಚಲಾರದ ಓದುಗನ ಧರ್ಮ

ಎಲ್ಲರೂ ಕೊಂಡಾಡಿದ ಕೃತಿ ತನಗೆ ರುಚಿಸದಿದ್ದಾಗ ಓದುಗನು ಏನು ಮಾಡಬೇಕು? ಸುಮ್ಮನಿರುವುದು ಸೌಜನ್ಯವೋ, ಅಪ್ರಾಮಾಣಿಕತೆಯೋ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಕಿರುಕಾದಂಬರಿ ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಕಡಲಾಚೆಗೂ ಹೋಗಿ ಮನ್ನಣೆ ಪಡೆಯಿತು.

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಇಕ್ಕಟ್ಟಾದ ಮನೆ, ಅಲ್ಲಿಯ ಇರುವೆಗಳ ಕಾಟ, ಎಣಿಸಿ ಖರ್ಚು ಮಾಡುವ ಬದುಕು, ಬಳಿಕ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಬಂದ ಹಣ ಮನೆಮಂದಿಯ ಸ್ವಭಾವವನ್ನೇ ತಿರುಚುವ ಬಗೆ: ಇವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಬಲ್ಲವರು ವಿರಳ.

ನಿರಾಶೆಯಾದದ್ದು ಅನಿತೆಯ ವಿಷಯದಲ್ಲಿ. ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯವರು ಬೈದಟ್ಟಿದಾಗ, ಅನ್ಯಾಯವನ್ನು ಅನ್ಯಾಯವೆಂದವಳು ಅವಳೊಬ್ಬಳೇ. ಆದರೆ ಅವಳನ್ನು ನಾವು ಗಂಡನ ಕಣ್ಣಿನಿಂದಷ್ಟೇ ಕಾಣುತ್ತೇವೆ. ಕೊನೆಗೆ ಅವಳಿಗೇನಾಯಿತೆಂಬುದೂ ಬರಿಯ ಸೂಚನೆಯಾಗಿ ಉಳಿಯುತ್ತದೆ. ನಿರೂಪಕನ ಹೇಡಿತನವನ್ನು ತೋರಿಸುವುದೇ ಲೇಖಕರ ಉದ್ದೇಶವೆಂದು ಅಭಿಮಾನಿಗಳು ಹೇಳುತ್ತಾರೆ. ಬಲವಾದ ವಾದವೇ. ಆದರೆ ಹೇಡಿಯ ಮೌನವನ್ನು ತೋರಿಸಲು ಕೃತಿಯೂ ಮೌನವಾಗಬೇಕೆ? ಪುಸ್ತಕ ಮುಚ್ಚಿದಾಗ ನನ್ನಲ್ಲಿ ಉಳಿದದ್ದು ಕುತೂಹಲ. ಒಂದು ಜೀವಕ್ಕಾಗಿ ಹುಟ್ಟಬೇಕಾದ ಸಂಕಟವಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನೂ ಮಿತಭಾಷಿಣಿ. ಆದರೂ ಆಕೆಯ ಅಂತರಂಗ ನಮಗೆ ದಕ್ಕುತ್ತದೆ.

ಇದನ್ನು ಗಟ್ಟಿಯಾಗಿ ಹೇಳುವುದು ನಮ್ಮ ಕಾಸರಗೋಡಿನಲ್ಲಿ ಸುಲಭವಲ್ಲ. 1956ರಲ್ಲಿ ಗಡಿಯ ಈಚೆ ಉಳಿದವರು ನಾವು. ಕನ್ನಡದ ಪುಸ್ತಕವೊಂದಕ್ಕೆ ಹೊರಗೆ ಗೌರವ ಸಂದರೆ ಎದೆಯುಬ್ಬುತ್ತದೆ, ನನಗೂ. ಆ ಹೊತ್ತಿನಲ್ಲಿ ‘ನನಗೆ ಹಿಡಿಸಲಿಲ್ಲ’ ಎಂದವನು ಮನೆಯ ಗುಟ್ಟು ಬಿಟ್ಟುಕೊಟ್ಟವನಂತೆ ಕಾಣುತ್ತಾನೆ. ಹೀಗಾಗಿ ಓದದವರೂ ಹೊಗಳುತ್ತಾರೆ, ಓದಿ ಬೇಸತ್ತವರೂ ಹೊಗಳುತ್ತಾರೆ. (ಸನ್ಮಾನದ ಹಾರ ಹಾಕುವವರಲ್ಲಿ ಪುಟ ತೆರೆಯದವರೆಷ್ಟೋ!) ಇದು ಲೇಖಕನಿಗೂ ನ್ಯಾಯವಲ್ಲ. ಎಲ್ಲದಕ್ಕೂ ಬೀಳುವ ಚಪ್ಪಾಳೆಯಿಂದ ಅವನು ತನ್ನ ಕೃತಿಯ ಬಗ್ಗೆ ಏನನ್ನು ತಿಳಿದಾನು?

ಭಾಷಾಭಿಮಾನಕ್ಕೂ ಭಿನ್ನಮತಕ್ಕೂ ವೈರವಿದೆಯೆಂದು ನನಗೆ ತೋರದು. ಮಂಜೇಶ್ವರದ ಗೋವಿಂದ ಪೈಗಳು ಪ್ರಾಸದ ಕಟ್ಟನ್ನು ತೊರೆದಾಗ ಪಂಡಿತರು ಮುನಿದರು. ಪೈಗಳ ಕನ್ನಡಪ್ರೇಮವನ್ನು ಇಂದು ಶಂಕಿಸುವವರು ಯಾರು?

ಈ ಕಾದಂಬರಿಯನ್ನು ಬಹುವಾಗಿ ಮೆಚ್ಚಿದ ಕಿರಿಯ ಮಿತ್ರರೊಬ್ಬರಿದ್ದಾರೆ. ‘ಅನಿತೆ ಮಾತನಾಡಿದ್ದರೆ ನೀವು ಸಮಾಧಾನದಿಂದ ನಿದ್ದೆ ಹೋಗುತ್ತಿದ್ದಿರಿ ಮಾಷ್ಟ್ರೇ, ಈಗ ನಿದ್ದೆಗೆಟ್ಟಿದ್ದೀರಿ’ ಎಂದರು. ನಾನು ಒಪ್ಪಿಲ್ಲ. ಅವರೂ ಪಟ್ಟು ಬಿಟ್ಟಿಲ್ಲ. ವಾದ ಇನ್ನೂ ನಡೆದಿದೆ.