ಬೇವಿನ ಕಷಾಯ ಮತ್ತು ಅಹಿಂಸಾವ್ರತ

ಬೇವಿನ ಬೀಜದ ಪುಡಿ 5 ಕೆ.ಜಿ.; ಅದನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರ್ ನೀರಿಗೆ ಬೆರೆಸಿದರೆ ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಕಷಾಯ ಸಿದ್ಧ. ಇದರ ಕೆಲಸ ಎರಡು ಬಗೆ. ಕಹಿಗೆ ಹೇಸಿ ಹುಳು ಮೇವು ಬಿಟ್ಟು ಹೋಗುವುದು ಒಂದು. ಮೇದ ಹುಳುವಿನೊಳಗೆ ಅಜಾಡಿರಾಕ್ಟಿನ್ ಎಂಬ ಸತ್ವ ಸೇರಿ, ಪೊರೆ ಕಳಚಲು ಬೇಕಾದ ಹಾರ್ಮೋನಿನ ಲಯ ಕೆಡಿಸುವುದು ಇನ್ನೊಂದು. ಅಂಥ ಹುಳುವಿನ ಹಳೆಯ ಪೊರೆ ತಲೆಯ ಬಳಿ ಬಿರಿದಿರುತ್ತದೆ, ಬಾಲದ ಕಡೆ ಕಳಚಿರುವುದಿಲ್ಲ. ಅತ್ತ ಮೇಯಲೂ ಆಗದೆ ಇತ್ತ ಬೆಳೆಯಲೂ ಆಗದೆ ದಿನಗಟ್ಟಲೆ ಸೊರಗಿ ಸಾಯುತ್ತದೆ.

ಜೈನ ಕೃಷಿಕನಿಗೆ ಇಲ್ಲಿ ನಿಜವಾದ ಪ್ರಶ್ನೆಯೊಂದಿದೆ. ಬೆಳಗಾವಿ ಸೀಮೆಯ ಜೈನರಲ್ಲಿ ಒಕ್ಕಲುತನದವರೇ ಬಹಳ. ಜನರಿಗೆ ಕೃಷಿ ಕಲಿಸಿದವನು ಮೊದಲ ತೀರ್ಥಂಕರನೇ ಎನ್ನುತ್ತದೆ ಪರಂಪರೆ. ಆದರೆ ಶ್ರಾವಕನ, ಅಂದರೆ ಜೈನ ಗೃಹಸ್ಥನ, ಅಣುವ್ರತ ಚಲಿಸುವ ಜೀವಿಯನ್ನು ಸಂಕಲ್ಪಪೂರ್ವಕ ಕೊಲ್ಲುವುದನ್ನು ನಿಷೇಧಿಸುತ್ತದೆ. ಅಡುಗೆ, ಮನೆವಾರ್ತೆಯಲ್ಲಿ ಆಗುವ ಆರಂಭೀ ಹಿಂಸೆ, ಕಸುಬಿನಲ್ಲಿ ಆಗುವ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ ಇವು ಗೃಹಸ್ಥನಿಗೆ ಪೂರ್ತಿ ಬಿಡಲಾಗದವು. ನೇಗಿಲಿಗೆ ಸಿಕ್ಕ ಎರೆಹುಳು ಉದ್ಯೋಗೀ ಹಿಂಸೆಯ ಲೆಕ್ಕಕ್ಕೆ ಬರುತ್ತದೆ. ಹುಳುವನ್ನೇ ಗುರಿಯಾಗಿಟ್ಟು ಹೊಡೆದ ಕಷಾಯವನ್ನು ಅದೇ ಲೆಕ್ಕಕ್ಕೆ ಸೇರಿಸುವುದು ಅಷ್ಟು ಸುಲಭವಲ್ಲ.

ಗಿಡಮೂಲದ್ದು, ಆದ್ದರಿಂದ ದೋಷವಿಲ್ಲ ಎಂಬ ಸಮಾಧಾನಕ್ಕೆ ಜೈನ ಶಾಸ್ತ್ರದಲ್ಲಿ ಆಧಾರವಿಲ್ಲ. ಗೃಹಸ್ಥನಿಗೆ ಬೇಡವೆಂದ ಹದಿನೈದು ಕಸುಬುಗಳಲ್ಲಿ ವಿಷವಾಣಿಜ್ಯವೂ ಒಂದು. ಆ ಕಾಲದ ವಿಷಗಳಲ್ಲಿ ಬೇರು, ಬೀಜಗಳಿಂದ ಬಂದವೂ ಇದ್ದವು. ಜೈನ ಶಾಸ್ತ್ರಗ್ರಂಥವಾದ ತತ್ತ್ವಾರ್ಥಸೂತ್ರ ಹಿಂಸೆಯನ್ನು ಗುರುತಿಸುವುದು ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆದ ಪ್ರಾಣಹಾನಿ ಎಂದು. ವಿಷದ ಹುಟ್ಟಿಗಿಂತ ಕೈಯ ಎಚ್ಚರವೇ ಅಲ್ಲಿ ಮುಖ್ಯ. ಈ ದೃಷ್ಟಿಯಲ್ಲಿ ಬೇವಿನ ಎರಡು ಗುಣಗಳು ಒಂದೇ ತೂಕದವಲ್ಲ. ಹುಳುವನ್ನು ಬೆಳೆಯಿಂದ ದೂರವಿಡುವ ಕಹಿ ವ್ರತಕ್ಕೆ ಹತ್ತಿರ. ಪೊರೆಯೊಳಗೆ ಸಿಕ್ಕಿಸುವ ಗುಣ ನಿಧಾನವಾದರೂ ಕೊಲೆಯೇ, ನಿಧಾನವೆಂಬುದು ಅದನ್ನು ಸೌಮ್ಯಗೊಳಿಸದು.

ಎಚ್ಚರದ ವ್ಯಾಪ್ತಿ ಹುಳುವಿಗೇ ನಿಲ್ಲುವುದಿಲ್ಲ. ಬೇವಿನ ಸತ್ವ ಬಿಸಿಲಿಗೆ ಬೇಗ ಶಕ್ತಿಗುಂದುತ್ತದೆ, ಎಲೆ ಮೇಯದ ಜೇನಿಗೆ ಅದರಿಂದ ಅಪಾಯ ಕಡಿಮೆ. ನೀರಿಗೆ ಸೇರಿದರೆ ಮಾತ್ರ ಮೀನು ಮತ್ತು ಸಣ್ಣ ಜಲಚರಗಳಿಗೆ ಕೇಡು. ಮನುಷ್ಯರ ಕೂಸುಗಳೂ ಇದರಿಂದ ಹೊರತಲ್ಲ. ಔಷಧಿಯೆಂದು ಬೇವಿನ ಎಣ್ಣೆ ಕುಡಿಸಿದ ಎಳೆಗೂಸುಗಳಲ್ಲಿ ವಾಂತಿ, ಮಂಪರು, ಸೆಳವು, ಮಿದುಳಿನ ಊತ ಕಂಡದ್ದನ್ನು ಮಲೇಷಿಯಾದ ವೈದ್ಯರು 1980ರ ದಶಕದ ಆರಂಭದಲ್ಲೇ ದಾಖಲಿಸಿದ್ದಾರೆ. ಹಾಗಾಗಿ ವ್ರತ ಪಾಲಿಸುವ ರೈತನಿಗೆ ಹುಳು ಕಂಡಷ್ಟು ಸಾಲಿಗೆ ಮಾತ್ರ ಸಂಜೆ ಸಿಂಪಡಿಸುವುದು, ಪಂಪು ತೊಳೆದ ನೀರನ್ನು ಕೆರೆಗೆ ಬಿಡದಿರುವುದು, ಎಣ್ಣೆಯ ಸೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡುವುದು ಬೇಸಾಯದ ಕ್ರಮವೂ ಹೌದು, ಧರ್ಮದ ಆಚರಣೆಯೂ ಹೌದು.