ಪಡೆಯುವವನ ಧರ್ಮ

ದಾನವನ್ನು ಕುರಿತು ನಮ್ಮ ಪುರಾಣಗಳೂ ಧರ್ಮಶಾಸ್ತ್ರಗಳೂ ಹೇಳಿರುವಷ್ಟನ್ನು ಬೇರೆ ಯಾವ ಸದ್ಗುಣವನ್ನು ಕುರಿತೂ ಹೇಳಿರಲಾರವು. ಪಾರಿವಾಳದ ಪ್ರಾಣಕ್ಕಾಗಿ ತನ್ನ ಮಾಂಸವನ್ನೇ ಕೊಯ್ದು ತಕ್ಕಡಿಗಿಟ್ಟ ಶಿಬಿ, ಹುಟ್ಟಿನೊಡನೆ ಬಂದ ಕವಚವನ್ನು ಮೈಯಿಂದ ಸುಲಿದುಕೊಟ್ಟ ಕರ್ಣ, ಲಿಂಗದ ಕಣ್ಣಿನಲ್ಲಿ ನೆತ್ತರೊಸರಿದುದನ್ನು ಕಂಡು ತನ್ನ ಕಣ್ಣನ್ನು ಕಿತ್ತಿಟ್ಟ ಬೇಡರ ಕಣ್ಣಪ್ಪ, ಇವರೆಲ್ಲರೂ ಕೊಟ್ಟು ಚಿರಸ್ಮರಣೀಯರಾದವರು. ಆದರೆ ಪಡೆದವನ ಪಾಡೇನು? ಇನ್ನೊಬ್ಬನ ಮೈಯ ತುಣುಕನ್ನು ಪಡೆದ ಮರುದಿನ ಅವನು ಯಾವ ಮುಖವಿಟ್ಟುಕೊಂಡು ಎದ್ದು ಕುಳಿತ? ಕವಿಗಳು ಆ ಕಡೆಗೆ ಹೆಚ್ಚಾಗಿ ತಿರುಗಿ ನೋಡಿದಂತಿಲ್ಲ. ಎರಡು ಕಿಡ್ನಿಗಳೂ ಸೋತು, ಮನೆಯಲ್ಲಿಯೇ ಡಯಾಲಿಸಿಸ್ ಮಾಡಿಕೊಳ್ಳುತ್ತ, ಬೇರೊಬ್ಬರ ಕಿಡ್ನಿಗಾಗಿ ಹೆಸರು ಬರೆಯಿಸಿ ಕಾದಿರುವ ನನ್ನಂಥವನಿಗೆ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ದಿನವೂ ದೇವರ ಮುಂದೆ ಕೈಜೋಡಿಸಿ ನಿಂತಾಗ ನಾಲಗೆಯನ್ನು ತಡೆದು ನಿಲ್ಲಿಸುವ ಪ್ರಶ್ನೆ. ಕಿಡ್ನಿ ದೊರೆಯಲಿ ಎಂದು ಬೇಡುವುದಾದರೆ, ಆ ಬೇಡಿಕೆಯೊಳಗೆ ಮತ್ತಾರದೋ ಸಾವು ಅಡಗಿದೆಯಲ್ಲವೆ? ಅಂಥದನ್ನು ಬೇಡಬಹುದೆ?

ಮೊದಲು ಈ ಮನೆಯ ಡಯಾಲಿಸಿಸ್ ಎಂಬುದು ಎಂಥದೆಂದು ಹೇಳಬೇಕು. ಆಸ್ಪತ್ರೆಗೆ ಹೋಗಿ, ವಾರಕ್ಕೆ ಎರಡು ಮೂರು ಸಲ, ನಾಲ್ಕು ಗಂಟೆಗಳ ಕಾಲ ರಕ್ತವನ್ನು ಯಂತ್ರದ ಮೂಲಕ ಹರಿಯಿಸಿ ಶುದ್ಧಿಮಾಡಿಸಿಕೊಳ್ಳುವುದು ಹೆಚ್ಚು ಜನ ಬಲ್ಲ ಬಗೆ. ನನ್ನದು ಪಿ.ಡಿ., ಎಂದರೆ ಪೆರಿಟೋನಿಯಲ್ ಡಯಾಲಿಸಿಸ್; ಹೊಟ್ಟೆಯೊಳಗೆ ಕರುಳನ್ನು ಹೊದೆದಿರುವ ಪೆರಿಟೋನಿಯಂ ಎಂಬ ತೆಳುಪೊರೆಯೇ ಇಲ್ಲಿ ಶೋಧಕ. ಹೊಕ್ಕುಳ ಬಳಿ ಕೂರಿಸಿರುವ ಮೆತ್ತನೆಯ ಕೊಳವೆಯಿಂದ ಎರಡು ಲೀಟರು ಗ್ಲೂಕೋಸಿನ ದ್ರಾವಣವನ್ನು ಒಳಕ್ಕೆ ಬಿಟ್ಟರೆ, ಅದು ನಾಲ್ಕಾರು ಗಂಟೆ ಅಲ್ಲಿಯೇ ನಿಂತು, ರಕ್ತದಲ್ಲಿನ ಕಶ್ಮಲವನ್ನೂ ಮೈಯಲ್ಲಿ ಹೆಚ್ಚಾದ ನೀರನ್ನೂ ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಬಳಿಕ ಅದನ್ನು ಹರಿಯಬಿಟ್ಟು ಹೊಸದನ್ನು ತುಂಬಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುನ್ನ, ಹೀಗೆ ದಿನಕ್ಕೆ ನಾಲ್ಕು ಸಲ. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಫ್ಯಾನು ನಿಲ್ಲಿಸಿ, ಮಾಸ್ಕು ಕಟ್ಟಿಕೊಂಡು, ಬೆರಳ ಸಂದುಗಳನ್ನೂ ಬಿಡದೆ ಸೋಪಿನಿಂದ ಕೈತೊಳೆದು, ಬೆಚ್ಚಗೆ ಮಾಡಿದ ಬ್ಯಾಗನ್ನು ಸ್ಟ್ಯಾಂಡಿಗೆ ತೂಗಹಾಕಿ, ಬರಿಯ ಬ್ಯಾಗನ್ನು ನೆಲದ ಮೇಲಿರಿಸಿ, ಕೊಳವೆಯ ತುದಿಗೆ ಬೆರಳು ಸೋಂಕದಂತೆ ಒಂದನ್ನೊಂದು ಜೋಡಿಸಬೇಕು. ಹೊರಬಂದ ನೀರು ತಿಳಿಹಳದಿಯಾಗಿ, ಅದರಾಚೆಗೆ ಹಿಡಿದ ಅಕ್ಷರವನ್ನು ಓದುವಷ್ಟು ನಿರ್ಮಲವಾಗಿದ್ದರೆ ಕ್ಷೇಮ; ಅಕ್ಕಿ ತೊಳೆದ ನೀರಿನಂತೆ ಕದಡಿದ್ದರೆ ಪೊರೆಗೆ ಸೋಂಕು ತಗುಲಿದೆಯೆಂದು ಶಂಕಿಸಿ, ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಒಳಹೋದದ್ದೆಷ್ಟು, ಹೊರಬಂದದ್ದೆಷ್ಟು, ತೂಕವೆಷ್ಟು, ಬಿ.ಪಿ. ಎಷ್ಟು ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.

ಇದನ್ನು ಬಾಗಿಲಾಚೆಯಿಂದ ನೋಡಿದ ನಮ್ಮ ಕಡೆಯ ಹಿರಿಯರೊಬ್ಬರು, “ಬಿಟ್ಟ ಸಂಧ್ಯಾವಂದನೆಯನ್ನು ಭಗವಂತ ಹೇಗೆ ಹಿಡಿಸಿದ ನೋಡಪ್ಪ” ಎಂದು ನಕ್ಕರು. ವಿನೋದದ ಮಾತಾದರೂ ಅದರಲ್ಲಿ ಮೀಮಾಂಸೆಯ ತಿರುಳಿದೆ. ಮೀಮಾಂಸಕರು ಕರ್ಮಗಳನ್ನು ವಿಂಗಡಿಸುವಾಗ, ಒಂದು ಫಲವನ್ನು ಬಯಸಿ ಮಾಡುವುದನ್ನು ಕಾಮ್ಯವೆಂದೂ, ಮಾಡಿದುದಕ್ಕೆ ವಿಶೇಷ ಫಲವಿಲ್ಲದೆ ಮಾಡದಿದ್ದರೆ ಮಾತ್ರ ಪ್ರತ್ಯವಾಯವನ್ನು ತರುವುದನ್ನು ನಿತ್ಯವೆಂದೂ ಹೇಳುತ್ತಾರೆ. ಶಂಕರಾಚಾರ್ಯರು ಇದನ್ನು ಒಪ್ಪದೆ, ಮಾಡದಿರುವುದು ಬರಿಯ ಅಭಾವ, ಅಭಾವದಿಂದ ಪಾಪವೆಂಬ ಭಾವರೂಪವು ಹುಟ್ಟುವುದೆಂತು ಎಂದು ಆಕ್ಷೇಪಿಸಿದರು. ಆಚಾರ್ಯರ ತರ್ಕಕ್ಕೆ ತಲೆಬಾಗೋಣ; ಆದರೆ ಕಿಡ್ನಿ ಸೋತ ದೇಹವು ಪೂರ್ವಮೀಮಾಂಸೆಯ ಪಕ್ಷದ್ದು. ಎರಡು ಹೊತ್ತಿನ ಬ್ಯಾಗನ್ನು ಬಿಟ್ಟು ನೋಡಿ. ಮಾಡದಿದ್ದುದು ಪಾದದಲ್ಲಿ ಬಾವಾಗಿ, ಎದೆಯಲ್ಲಿ ಏದುಸಿರಾಗಿ ಕಾಣಿಸಿಕೊಳ್ಳುತ್ತದೆ. ಮಾಡಿದುದಕ್ಕೋ ಫಲವೆಂಬುದಿಲ್ಲ, ಕಿಡ್ನಿ ಮರಳಿ ಕೆಲಸಮಾಡದು, ನಾಳೆಯ ನಾಲ್ಕು ಬ್ಯಾಗುಗಳಲ್ಲಿ ಒಂದೂ ಕಡಮೆಯಾಗದು.

ಹೀಗಿರುವಾಗ ಡಯಾಲಿಸಿಸ್ ನಿತ್ಯ, ಟ್ರಾನ್ಸ್‌ಪ್ಲಾಂಟಿನ ಆಸೆ ಕಾಮ್ಯ. ಎರಡನ್ನೂ ಒಂದೇ ದೇಹದಲ್ಲಿ ನಡೆಯಿಸುವುದೇ ಕಾಯುವವನ ಕಷ್ಟ. ನಿತ್ಯವನ್ನು ಕಾಮ್ಯದ ಹೊಸ್ತಿಲಲ್ಲಿ ಕಾಲಹರಣವೆಂದು ತಿಳಿದವನು, ಫೋನು ಸದ್ದಾದಾಗಲೆಲ್ಲ ಬೆಚ್ಚಿ, ಅದು ಆಸ್ಪತ್ರೆಯದಲ್ಲವೆಂದು ತಿಳಿದಾಗಲೆಲ್ಲ ಕುಸಿದು, ಕೊನೆಗೆ ಬೇಸರದಿಂದ ಕೈತೊಳೆಯುವುದರಲ್ಲಿಯೇ ಅವಸರಮಾಡುತ್ತಾನೆ. ಸೋಂಕು ನುಗ್ಗುವುದು ಆ ಅವಸರದ ಸಂದಿನಲ್ಲಿಯೇ. ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಮಾಡೆಂಬ ಗೀತೆಯ ಬೋಧನೆಯನ್ನು ಓದುವಾಗ ಅದು ಮಹಾತ್ಮರಿಗೆ ಮಾತ್ರ ಸಾಧ್ಯವೆನಿಸುತ್ತಿತ್ತು. ಈಗ ಅದು ವೈದ್ಯರ ಸಲಹೆಯಂತೆ, ಪಾಲಿಸದಿದ್ದರೆ ಜ್ವರ ಬರುವಂಥ ಮಾತಾಗಿ ಕಾಣುತ್ತಿದೆ.

ಪಡೆಯುವುದು ಕಿಡ್ನಿಯೊಡನೆ ಮೊದಲಾಗುವುದೆಂದು ನಾನು ಎಣಿಸಿದ್ದೆನು. ನಿಜವಾಗಿ ಅದು ಎಂದೋ ಮೊದಲಾಗಿದೆ; ಈ ಡಯಾಲಿಸಿಸ್ಸೂ ಇತರರಿಂದ ಪಡೆದದ್ದೇ. 1943ರಲ್ಲಿ, ಜರ್ಮನರು ಹಾಲೆಂಡನ್ನು ಆಕ್ರಮಿಸಿದ್ದ ಕಾಲದಲ್ಲಿ, ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯನು ಸಾಸೇಜಿಗೆ ಹೊದಿಸುವ ಸೆಲೊಫೇನಿನ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ, ಅದನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ಮೊದಲ ಕೃತಕ ಮೂತ್ರಪಿಂಡವನ್ನು ಮನುಷ್ಯರ ಚಿಕಿತ್ಸೆಗೆ ತಂದನು. ಆರಂಭದ ರೋಗಿಗಳು ಒಬ್ಬೊಬ್ಬರಾಗಿ ತೀರಿಕೊಂಡರು. 1945ರಲ್ಲಿ ಆ ಯಂತ್ರದಿಂದ ಬದುಕಿ ಉಳಿದವಳು 67 ವರ್ಷದ ಒಬ್ಬ ಹೆಂಗಸು. ನಾಜಿಗಳ ಪಕ್ಷವಹಿಸಿದ್ದಳೆಂದು ಸೆರೆಯಲ್ಲಿದ್ದವಳು. ಕೋಲ್ಫನು ನಾಜಿಗಳ ವಿರೋಧಿ. ಆದರೂ ಅವಳ ಯೋಗ್ಯತೆಯೇನೆಂದು ಅವನು ಕೇಳಲಿಲ್ಲ. ಅವಳ ರಕ್ತ ಕೆಟ್ಟಿದೆಯೆಂಬುದೊಂದೇ ಅವನಿಗೆ ಸಾಕಾಯಿತು. ದಾನವನ್ನು ಸತ್ಪಾತ್ರಕ್ಕೆ ಕೊಡಬೇಕೆಂದು ನಾವು ಬಾಲ್ಯದಿಂದ ಕೇಳುತ್ತ ಬಂದವರು. ಆದರೆ ಡಯಾಲಿಸಿಸ್ಸಿನ ಮೊದಲ ವಿಜಯವು ಪಾತ್ರಾಪಾತ್ರವನ್ನು ಎಣಿಸದ ಕೈಯಿಂದಲೇ ಬಂದದ್ದು.

ಪಾತ್ರತೆಯನ್ನು ಎಣಿಸಿದವರೂ ಇದ್ದರು. ಅಮೆರಿಕದ ಸಿಯಾಟಲ್ ನಗರದಲ್ಲಿ 1960ರ ವೇಳೆಗೆ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನಲ್ಲಿ ಶಾಶ್ವತವಾಗಿ ನಿಲ್ಲುವ ಕೊಳವೆಯನ್ನು ರೂಪಿಸಿ, ಒಬ್ಬನೇ ರೋಗಿಗೆ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವುದನ್ನು ಸಾಧ್ಯವಾಗಿಸಿದನು. ಯಂತ್ರಗಳು ಕೆಲವೇ, ಸಾಯುವವರು ಅನೇಕರು. ಆದುದರಿಂದ ಯಾರಿಗೆ ಕೊಡತಕ್ಕದ್ದೆಂದು ತೀರ್ಮಾನಿಸುವುದಕ್ಕೆ ಏಳು ಜನ ನಾಗರಿಕರ ಒಂದು ಸಮಿತಿಯನ್ನೇ ನೇಮಿಸಿದರು. ಅವರು ಅರ್ಜಿದಾರರ ಸಂಪಾದನೆ, ಸಂಸಾರ, ವಿದ್ಯೆ, ಚರ್ಚಿಗೆ ಹೋಗುವ ಅಭ್ಯಾಸ ಇವುಗಳನ್ನೆಲ್ಲ ತೂಗಿ ನೋಡುತ್ತಿದ್ದರೆಂಬುದು 1962ರಲ್ಲಿ ‘ಲೈಫ್’ ಪತ್ರಿಕೆಯ ಮೂಲಕ ಹೊರಬಿದ್ದಾಗ, ದೇವರ ಕೆಲಸವನ್ನು ಮನುಷ್ಯರು ವಹಿಸಿಕೊಂಡರೆಂದು ಲೋಕ ದಂಗಾಯಿತು. ಆ ಸಮಿತಿಯವರು ಕೆಟ್ಟವರಾಗಿರಲಿಲ್ಲ. ಆದರೆ ಬದುಕಲು ಅರ್ಹನಾರೆಂಬ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇಲ್ಲ. ಇಂದು ನಮ್ಮ ರಾಜ್ಯದಲ್ಲಿ ಅಂಗಾಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ನನ್ನ ಸರದಿಯನ್ನು ಗೊತ್ತುಮಾಡುವುದು ರಕ್ತದ ಗುಂಪು, ಕಾದ ಕಾಲ ಮುಂತಾದವುಗಳೇ ಹೊರತು ನಾನು ಗಳಿಸಿದ ಪುಣ್ಯವಲ್ಲ. ನನ್ನ ಹಿಂದೆ ನಿಂತವನು ನನಗಿಂತ ಉತ್ತಮನಿರಬಹುದೆಂಬ ಅರಿವು, ಪಡೆಯುವವನಿಗೆ ಇರಬೇಕಾದ ಮೊದಲ ವಿನಯ.

ಬದುಕಿರುವವರಿಂದ ಪಡೆಯುವ ದಾರಿಯೂ ಉಂಟು. ಭಾರತದ 1994ರ ಅಂಗಾಂಗ ಕಸಿ ಕಾಯಿದೆ ಅಂಗಾಂಗಗಳ ಮಾರಾಟವನ್ನು ನಿಷೇಧಿಸಿ, ಮುಖ್ಯವಾಗಿ ಹತ್ತಿರದ ಬಂಧುಗಳಿಗೆ ಈ ದಾರಿಯನ್ನು ತೆರೆಯಿತು. ನಮ್ಮ ದೇಶದಲ್ಲಿ ಹೀಗೆ ಕೊಡುವವರಲ್ಲಿ ತಾಯಂದಿರೂ ಹೆಂಡಂದಿರೂ ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಅದರಲ್ಲಿ ಪ್ರೀತಿಯೆಷ್ಟು, ಬೇಡವೆನ್ನಲಾರದ ಸಂಕೋಚವೆಷ್ಟು ಎಂಬುದನ್ನು ಆಯಾ ಮನೆಯ ಅಡಿಗೆಮನೆಯೇ ಬಲ್ಲದು. ನನ್ನ ಮನೆಯವಳು ತನ್ನದನ್ನು ಕೊಡುವೆನೆಂದಾಗ, ನಾನು ಧರ್ಮಸೂಕ್ಷ್ಮವನ್ನೆಲ್ಲ ಎತ್ತಿ ಬೇಡವೆಂದೆ. “ಕೊಡೋಳು ನಾನು. ಬೇಡ ಅನ್ನೋದೂ ಒಂದು ಜಂಬ ಅಲ್ಲವೇನ್ರಿ?” ಎಂದಳು. ಪರೀಕ್ಷೆಯಲ್ಲಿ ಅವಳಿಗೆ ಸಕ್ಕರೆ ಕಾಯಿಲೆಯಿದೆಯೆಂದು ತಿಳಿದು ವೈದ್ಯರು ಆ ಮಾತನ್ನು ಮುಗಿಸಿಬಿಟ್ಟರು; ಅವಳ ಪ್ರಶ್ನೆ ಮಾತ್ರ ಉಳಿಯಿತು. ಮನುವು ಪ್ರತಿಗ್ರಹವನ್ನು, ಎಂದರೆ ದಾನ ಸ್ವೀಕರಿಸುವುದನ್ನು, ಕೀಳೆಂದು ಎಣಿಸಿದ್ದು ಆಸೆಬುರುಕತನಕ್ಕೆ ಹೆದರಿ. ಆದರೆ ಯಾರಿಂದಲೂ ಏನನ್ನೂ ಪಡೆಯೆನೆಂಬ ಹಟದಲ್ಲಿ ಅಹಂಕಾರವೂ ಮನೆಮಾಡಬಹುದು. ಶರಣರ ದಾಸೋಹವು ಕೊಡುವವನಲ್ಲಿ ತಾನು ಕೊಟ್ಟೆನೆಂಬ ಭಾವವನ್ನು ಅಳಿಸಬೇಕೆನ್ನುತ್ತದೆ. ಹಾಗಾದರೆ ಪಡೆಯುವವನಲ್ಲಿ ತಾನು ಕಿರಿದಾದೆನೆಂಬ ಭಾವವೂ ಅಳಿಯಬೇಕಷ್ಟೆ.

ಉಳಿದುದು ಸತ್ತವರಿಂದ ಪಡೆಯುವ ದಾರಿ. ಪ್ರಾರ್ಥನೆಯ ಸಂಕಟವೂ ಅಲ್ಲಿಯೇ. ವೃತ್ರನನ್ನು ಕೊಲ್ಲುವ ಆಯುಧಕ್ಕೆ ಎಲುಬು ಬೇಕಾಗಿ, ದೇವತೆಗಳು ದಧೀಚಿಯ ಆಶ್ರಮಕ್ಕೆ ಹೋಗಿ, ಬದುಕಿರುವ ಋಷಿಯನ್ನು ಅವನ ದೇಹವನ್ನೇ ಬೇಡಿದರು. ದಧೀಚಿಯ ತ್ಯಾಗ ಎಷ್ಟು ದೊಡ್ಡದೋ ಬೇಡಿದವರ ನಡತೆ ಅಷ್ಟೇ ಭಯಂಕರ. ಅಲ್ಲಿ ಬೇಡಿಕೆ ಮೊದಲು, ಸಾವು ಆಮೇಲೆ. ನಮ್ಮ ಕಾಲದ ಕಾಯಿದೆ ಈ ಕ್ರಮವನ್ನು ತಿರುವುಮುರುವಾಗಿಸಿತು. ಮೆದುಳುಕಾಂಡ ಸತ್ತಿದೆಯೆಂದು ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷೆಮಾಡಿ ದೃಢಪಡಿಸಬೇಕು. ಅವರಲ್ಲಿ ಯಾರೂ ಕಸಿಯ ಶಸ್ತ್ರಚಿಕಿತ್ಸೆಗೆ ಸೇರಿದವರಾಗಿರಕೂಡದು. ಅಂದರೆ ಕಾಯುವವನ ಆಸೆ ಸಾಯುವವನ ಹಾಸಿಗೆಯ ಹತ್ತಿರ ಸುಳಿಯದಂತೆ ನಡುವೆ ಒಂದು ಗೋಡೆಯನ್ನೆಬ್ಬಿಸಿದೆ. ಇದನ್ನು ಬರಿಯ ಆಡಳಿತದ ನಿಯಮವೆಂದು ನಾನು ತಿಳಿಯೆನು. ಕಾಯಿದೆಯು ಆಸ್ಪತ್ರೆಯಲ್ಲಿ ಕಟ್ಟಿದ ಗೋಡೆಯನ್ನು ಕಾಯುವವನು ತನ್ನ ಮನಸ್ಸಿನಲ್ಲಿಯೂ ಕಟ್ಟಿಕೊಳ್ಳಬೇಕು.

ಕಟ್ಟಿಕೊಂಡಿದ್ದಾನೆಯೇ ಎಂಬುದಕ್ಕೆ ಪರೀಕ್ಷೆ ಸುಲಭ. ಪಕ್ಕದ ಮನೆಯ ಹುಡುಗ ಹೆಲ್ಮೆಟ್ಟಿಲ್ಲದೆ ಬೈಕನ್ನು ಹೊರಡಿಸಿದಾಗ ನನ್ನ ಬಾಯಿಂದ “ಲೋ, ಹೆಲ್ಮೆಟ್ ಹಾಕ್ಕೊಳ್ಳೋ” ಎಂಬ ಕೂಗು ಯೋಚನೆಗೆ ಮುಂಚೆಯೇ ಹೊರಡುತ್ತದೆಯೆ, ಇಲ್ಲವೆ? ಹೊರಡುವುದಾದರೆ ಪಟ್ಟಿಯಲ್ಲಿ ನನ್ನ ಹೆಸರಿರುವುದು ಪಾಪವಲ್ಲ. ಯಾರದೋ ಆಯುಷ್ಯ ತೀರಲೆಂದು ಬಯಸುವುದು ಬೇರೆ. ಎಷ್ಟು ಬಯಸಿದರೂ ಉಳಿಯದೆ ಹೋದ ಜೀವದಿಂದ ಉಳಿಯಬಹುದಾದುದನ್ನು ಮಣ್ಣುಪಾಲಾಗಗೊಡದೆ ಸ್ವೀಕರಿಸಲು ಸಿದ್ಧನಾಗಿರುವುದು ಬೇರೆ. ಆದುದರಿಂದ ನಾನು ಬೇಡಬಹುದಾದುದು ಇಷ್ಟು: ನಾನರಿಯದ ಆ ಮನುಷ್ಯನು ನೂರು ವರ್ಷ ಬಾಳಲಿ, ಬಾಳದೆ ಹೋದರೆ, ಅವನ ಮನೆಯವರಿಗೆ ಆ ಗಳಿಗೆಯಲ್ಲಿ ಕೊಡುವಷ್ಟು ಎದೆಗಟ್ಟಿ ಇರಲಿ, ಆ ದಿನದವರೆಗೆ ನನ್ನ ಕೈ ತೊಳೆಯುವುದರಲ್ಲಿ ಅಲಸದಿರಲಿ. ಈ ಮೂರರಲ್ಲಿ ಮೊದಲನೆಯದು ನೆರವೇರಿ ನಾನು ಕಿಡ್ನಿಯಿಲ್ಲದೆಯೇ ಹೋಗಬಹುದು. ಅದನ್ನು ಒಪ್ಪಿಯೇ ಬೇಡಬೇಕು. ಒಪ್ಪದೆ ಬೇಡಿದರೆ ಅದು ಪ್ರಾರ್ಥನೆಯಲ್ಲ, ವ್ಯಾಪಾರ.

2021ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೈಕು ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾಯಿತೆಂದು ತಿಳಿದಾಗ, ಕುಟುಂಬದವರು ಅವರ ಅಂಗಾಂಗಗಳನ್ನು ದಾನಮಾಡಿದರು. ದಾನಿಯ ಹೆಸರನ್ನು ನಾಡೇ ಬಲ್ಲದು. ಪಡೆದವರ ಹೆಸರನ್ನು ನಾವು ಅರಿಯೆವು. ಸಾಮಾನ್ಯವಾಗಿ ದಾನಿಯ ಹೆಸರನ್ನು ಪಡೆದವನಿಗೂ ತಿಳಿಸುವುದಿಲ್ಲ. ಹಾಗಾದರೆ ಋಣವನ್ನು ತೀರಿಸುವುದೆಲ್ಲಿ? ಇದಕ್ಕೆ ನಮ್ಮ ಹಿರಿಯರು ದಾರಿ ತೋರಿಸಿದ್ದಾರೆ. ಪಿತೃಋಣವು ತಂದೆಗೆ ಹಿಂದಿರುಗಿಸಿ ತೀರುವುದಲ್ಲ; ಮುಂದಿನ ಪೀಳಿಗೆಯನ್ನು ಸಾಕಿ ಸಲಹಿ ತೀರುವುದು. ಋಷಿಋಣವು ಓದಿದುದನ್ನು ಮತ್ತೊಬ್ಬನಿಗೆ ಓದಿಸಿ ತೀರುವುದು. ಕೊಟ್ಟವನಿಗೆ ಮರಳಿಸಲಾಗದ ಋಣವನ್ನು ಮುಂದಕ್ಕೆ ಸಲ್ಲಿಸಬೇಕು.

ಕಿಡ್ನಿ ಸೋತವನ ಬಳಿ ಮುಂದಕ್ಕೆ ಸಲ್ಲಿಸಲು ಏನಿದೆಯೆಂದು ಕೇಳಬಹುದು. ಕಣ್ಣುಗಳಿವೆ; ಡಯಾಲಿಸಿಸ್‌ನಲ್ಲಿರುವವನು ನೇತ್ರದಾನ ಮಾಡುವುದಕ್ಕೆ ಕಿಡ್ನಿಯ ಕಾಯಿಲೆ ಅಡ್ಡಿಯಲ್ಲ. ಅಂಗವಿಲ್ಲದ ಶವಕ್ಕೆ ಸಂಸ್ಕಾರ ಸಲ್ಲದು, ಮರುಜನ್ಮದಲ್ಲಿ ಆ ಅಂಗ ಕುಂದೀತು ಎಂದು ಅಂಜುವವರು ಇನ್ನೂ ಇದ್ದಾರೆ. ಬೆಂಕಿಗೆ ಒಪ್ಪಿಸಿದ ಕಣ್ಣು ಮರುಜನ್ಮಕ್ಕೆ ಒದಗುವುದಾದರೆ ಒಬ್ಬ ಕುರುಡನಿಗೆ ಒಪ್ಪಿಸಿದ ಕಣ್ಣು ಒದಗಲಾರದೆಂಬುದು ಯಾವ ನ್ಯಾಯ? ನಾನು ಪಡೆಯುವ ಮೊದಲೇ ಕೊಡುವ ಪತ್ರಕ್ಕೆ ಸಹಿಹಾಕಿ ಮನೆಯವರಿಗೆ ತಿಳಿಸಿದ್ದೇನೆ. ಸಹಿಗಿಂತ ಈ ತಿಳಿಸುವುದೇ ಮುಖ್ಯ. ಕೊನೆಯ ಗಳಿಗೆಯಲ್ಲಿ ವೈದ್ಯರು ಕೇಳುವುದು ಕಾಗದವನ್ನಲ್ಲ, ಅಳುತ್ತಿರುವ ಮನೆಯವರನ್ನು. ಆರೋಗ್ಯವಂತರು ಒಂದು ದಿನ ಊಟಕ್ಕೆ ಕುಳಿತಾಗ ಈ ಮಾತನ್ನು ಎತ್ತಿ ಮುಗಿಸಿಬಿಟ್ಟರೆ, ಆ ಗಳಿಗೆಯಲ್ಲಿ ತಮ್ಮವರ ಮೇಲೆ ಬೀಳುವ ಭಾರ ಅಷ್ಟಾದರೂ ಇಳಿದೀತು.